‘ನೆಟ್ ಬರ್ತಿಲ್ಲ’ ಅಂದ ಮಾತ್ರಕ್ಕೆ ಗುಜರಿಗೆ ಹಾಕಬೇಕೇ?

ನಮ್ಮ ಕಾಲೇಜಿನ ಲ್ಯಾಬ್ ಹೊರಗಿನ ವರಾಂಡದಲ್ಲಿ 14 ಕಂಪ್ಯೂಟರ್‌ಗಳು ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂತಿದ್ದವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ನಂಬರ್. ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಅವುಗಳ ಎದುರು ಬರೆದಿದ್ದ ಕಾರಣ ಒಂದೇ: ‘ನೆಟ್ ಬರುತ್ತಿಲ್ಲ’. ಗುಜರಿಯವರು ಬಂದು ತೂಕಕ್ಕೆ ಹಾಕಿಕೊಂಡು ಹೋಗುವುದಷ್ಟೇ ಬಾಕಿ ಇತ್ತು.

ಲ್ಯಾಬ್ ಒಳಗೆ ನಮ್ಮ ಬಿಸಿಎ ತರಗತಿಯ 42 ಮಂದಿಗೆ ನೆಟ್ ಇರುವ ಕಂಪ್ಯೂಟರ್ ಇದ್ದದ್ದು 11. ಒಂದರ ಮುಂದೆ ಮೂರು ನಾಲ್ಕು ಜನ. ಒಬ್ಬರು ಟೈಪ್ ಮಾಡುತ್ತಿದ್ದರೆ ಇನ್ನೊಬ್ಬರು ನೋಡುತ್ತಿದ್ದರು, ಉಳಿದವರು ಮೊಬೈಲ್ ತೆಗೆದು ರೀಲ್ಸ್ ನೋಡುತ್ತಿದ್ದರು. ಅದೇ ದಿನಗಳಲ್ಲಿ ನಮ್ಮ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬಂದಿತ್ತು. ಪ್ರಮಾಣಪತ್ರದ ಪಿಡಿಎಫ್ ಸ್ಪಷ್ಟವಾಗಿಲ್ಲ, ಮತ್ತೆ ಅಪ್‌ಲೋಡ್ ಮಾಡಿ ಎಂದು ಸೂಚನೆ. ಮೊಬೈಲಿನಲ್ಲಿ ಅವಳು ಎಷ್ಟು ಸಲ ಪ್ರಯತ್ನಿಸಿದರೂ ಫೈಲ್ ಗಾತ್ರ ಹೆಚ್ಚಾಯಿತು ಎಂದೇ ತೋರಿಸುತ್ತಿತ್ತು. ಕೊನೆಯ ದಿನ ಲ್ಯಾಬ್‌ಗೆ ಬಂದಳು. ಬೇರೆ ತರಗತಿಯ ಪ್ರಾಕ್ಟಿಕಲ್ ನಡೆಯುತ್ತಿತ್ತು, ನೆಟ್ ಇರುವ ಒಂದು ಸೀಟೂ ಖಾಲಿ ಇರಲಿಲ್ಲ. ಪೇಟೆಯ ಸೈಬರ್ ಸೆಂಟರ್‌ಗೆ ಹೋದರೆ ಅಲ್ಲಿ ಸರದಿ. ಊರಿಗೆ ಕೊನೆಯ ಬಸ್ ಐದೂವರೆಗೆ. ಅವಳು ಬಸ್ ಹತ್ತಿದಳು. ಆ ವರ್ಷ ಅವಳಿಗೆ ವಿದ್ಯಾರ್ಥಿವೇತನ ಬರಲಿಲ್ಲ. ಮುಂದಿನ ವರ್ಷದ ಫೀಸಿಗೆ ಅವಳ ಅಮ್ಮ ಕಿವಿಯ ಓಲೆಯನ್ನು ಅಡವಿಟ್ಟರು.

ಇದಾಗಿ ಎರಡು ತಿಂಗಳಿಗೆ ನಾವು ಮೂವರು ಗೆಳೆಯರು, ಸರ್ ಹತ್ತಿರ ಗೋಗರೆದು ಆ 14ರಲ್ಲಿ ಒಂದನ್ನು ಒಳಗೆ ತಂದೆವು. ಅದಕ್ಕೆ ನೆಟ್ ಬರಿಸಲು ಕೊನೆಗೂ ಬೇಕಾದದ್ದು ಒಂದು ನೆಟ್‌ವರ್ಕ್ ಡ್ರೈವರ್. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ವಿಡಿಯೊದಷ್ಟೂ ದೊಡ್ಡದಲ್ಲದ ಫೈಲ್. ನೆಟ್ ಬಂದಾಗ ನಮಗೆ ಖುಷಿಯಾಯಿತು ನಿಜ. ಅದರ ಹಿಂದೆಯೇ ನಾಚಿಕೆಯೂ ಆಯಿತು. ಆ ಹುಡುಗಿ ಬಸ್ ಹತ್ತಿದ ದಿನ ಈ ಕಂಪ್ಯೂಟರ್ ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ, ಬಾಗಿಲ ಹೊರಗೇ ಇತ್ತಲ್ಲ!

ಅದಕ್ಕೇ ಈ ಬರಹ. ಹಳೆಯ ಕಂಪ್ಯೂಟರ್‌ಗೆ ‘ಸ್ಕ್ರ್ಯಾಪ್’ ಎಂದೋ ‘ಫಾರ್ಮ್ಯಾಟ್ ಮಾಡ್ಬೇಕು’ ಎಂದೋ ಷರಾ ಬರೆಯುವ ಮುಂಚೆ ಅದಕ್ಕೆ ಏನಾಗಿದೆ ಎಂದು ನೋಡುವ ಅಭ್ಯಾಸ ನಮಗಿಲ್ಲ. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳಾದ ನಮಗೇ ಇಲ್ಲದ ಮೇಲೆ ಬೇರೆಯವರನ್ನು ದೂರಿ ಏನು ಪ್ರಯೋಜನ? ಆ ಅಭ್ಯಾಸವನ್ನು ಕಾಲೇಜು ಕಲಿಸಬೇಕು, ನಾವು ಕೇಳಿ ಕಲಿಯಬೇಕು ಎನ್ನುವುದು ನನ್ನ ವಾದ.

ತಮ್ಮನ ಹೆಸರಿಲ್ಲದ ಪಡಿತರ ಚೀಟಿ

ಮೊದಲು ಆ ಕಂಪ್ಯೂಟರ್‌ಗಳಿಗೆ ನೆಟ್ ಹೋದದ್ದು ಹೇಗೆ ಎಂದು ಹೇಳುತ್ತೇನೆ. ಅವು 2012–13ರ ಸುಮಾರಿನಲ್ಲಿ ಕೊಂಡವು. 2 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 10 ಎಳೆದಾಡುತ್ತದೆ ಎಂದು ಒಮ್ಮೆ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 7 ಹಾಕಿಸಿದ್ದರು. ಹಾಕಲು ಬಂದವರು ಸ್ಕ್ರೀನ್ ಬಂತು, ಕೀಬೋರ್ಡ್ ಕೆಲಸ ಮಾಡಿತು ಎಂದು ಬಿಲ್ ಬರೆದು ಹೋದರು. ನೆಟ್ ಬರಲಿಲ್ಲ. ಹಳೇ ಕಂಪ್ಯೂಟರ್, ಆಯಸ್ಸು ಮುಗಿದಿದೆ ಎಂದು ಎಲ್ಲರೂ ತೀರ್ಮಾನಿಸಿದರು.

ಮದರ್‌ಬೋರ್ಡ್ ಮೇಲಿರುವ ನೆಟ್‌ವರ್ಕ್ ಚಿಪ್‌ಗೆ ವಿಂಡೋಸ್‌ನ ಭಾಷೆ ಬರುವುದಿಲ್ಲ, ವಿಂಡೋಸ್‌ಗೆ ಚಿಪ್‌ನ ಭಾಷೆ ಬರುವುದಿಲ್ಲ. ನಡುವೆ ನಿಂತು ಮಾತು ದಾಟಿಸುವ ಪುಟ್ಟ ಪ್ರೋಗ್ರಾಂ ಡ್ರೈವರ್. ಸಾಮಾನ್ಯ ಚಿಪ್‌ಗಳ ಡ್ರೈವರ್‌ಗಳು ವಿಂಡೋಸ್ ಜತೆಗೇ ಬರುತ್ತವೆ. ಆದರೆ ವಿಂಡೋಸ್ 7 ಬಿಡುಗಡೆಯಾದದ್ದು 2009ರಲ್ಲಿ. ನಮ್ಮ ಬೋರ್ಡ್‌ಗಳ ಚಿಪ್ ಬಂದದ್ದು ಅದಾದ ಮೇಲೆ. ತಮ್ಮ ಹುಟ್ಟುವ ಮೊದಲು ಮಾಡಿಸಿದ ಪಡಿತರ ಚೀಟಿಯಲ್ಲಿ ತಮ್ಮನ ಹೆಸರು ಇರಲು ಸಾಧ್ಯವೇ? ಹಾಗೆಯೇ ಇದು. ಹೆಸರು ಸೇರಿಸಬೇಕು, ಅಷ್ಟೆ.

ಇಲ್ಲೊಂದು ತಮಾಷೆ ಇದೆ. ನೆಟ್‌ವರ್ಕ್ ಡ್ರೈವರ್ ಇಲ್ಲದೆ ನೆಟ್ ಬರುವುದಿಲ್ಲ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅದೇ ಕಥೆ. ಸೌಂಡ್ ಡ್ರೈವರ್ ಇಲ್ಲದಿದ್ದರೆ ಹಾಡು ಕೇಳಿಸುವುದಿಲ್ಲ, ಆದರೆ ಅದನ್ನು ನೆಟ್‌ನಿಂದ ತಂದುಕೊಳ್ಳಬಹುದು. ನೆಟ್‌ವರ್ಕ್ ಡ್ರೈವರ್ ಒಂದಿಲ್ಲದಿದ್ದರೆ ಬೇರೆಲ್ಲ ದಾರಿಗಳೂ ಮುಚ್ಚಿದಂತೆ ಕಾಣುತ್ತದೆ. ಅಂಗಡಿಗೆ ಹೊತ್ತೊಯ್ಯುವವರು, ಕಂಪ್ಯೂಟರ್ ಹೋಯಿತು ಎಂದು ಮೂಲೆಗೆ ಇಡುವವರು ಸೋಲುವುದು ಇಲ್ಲಿಯೇ.

ದಾರಿ ನಮ್ಮ ಜೇಬಿನಲ್ಲೇ ಇದೆ. ಮೊಬೈಲ್‌ನಲ್ಲಿ ಡ್ರೈವರ್ ಇಳಿಸಿಕೊಂಡು ಕೇಬಲ್ ಮೂಲಕ ಕಂಪ್ಯೂಟರ್‌ಗೆ ನಕಲು ಮಾಡಬಹುದು. ಇಲ್ಲವೇ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಬಹುಪಾಲು ಕಂಪ್ಯೂಟರ್‌ಗಳು ಫೋನನ್ನೇ ಒಂದು ನೆಟ್‌ವರ್ಕ್ ಕಾರ್ಡ್ ಎಂದು ಗುರುತಿಸಿಕೊಳ್ಳುತ್ತವೆ. ಹಾಟ್‌ಸ್ಪಾಟ್ ಗೊತ್ತಿರುವ ನಮ್ಮಲ್ಲಿ ಎಷ್ಟು ಜನರಿಗೆ ಅದರ ಕೆಳಗಿನ ಸಾಲಿನಲ್ಲೇ ಇರುವ ಟೆದರಿಂಗ್ ಗೊತ್ತು?

ಊಹೆ ಮಾಡಿ ಕೆಟ್ಟೆವು

ನಾವೇನೂ ಮೊದಲ ಸಲವೇ ಗೆದ್ದವರಲ್ಲ. ‘ನೆಟ್‌ವರ್ಕ್ ಅಂದ್ರೆ ರಿಯಲ್‌ಟೆಕ್ ಕಣೋ’ ಎಂದು ಒಬ್ಬ ಗೆಳೆಯ ಹೇಳಿದ. ರಿಯಲ್‌ಟೆಕ್ ಡ್ರೈವರ್ ಹಾಕಿದೆವು, ಆಗಲಿಲ್ಲ. ಮತ್ತೊಂದು ಹಾಕಿದೆವು, ಆಗಲಿಲ್ಲ. ಕೊನೆಗೆ ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಒಂದು ಸಾಫ್ಟ್‌ವೇರ್ ಇಳಿಸಲು ಹೋದೆವು. ಆ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಗಳು ನಾಲ್ಕು. ಮೂರು ಜಾಹೀರಾತು. ನಾವು ಒತ್ತಿದ್ದು ಅವುಗಳಲ್ಲೊಂದನ್ನು. ಡ್ರೈವರ್ ಬರಲಿಲ್ಲ, ಬ್ರೌಸರ್‌ನ ಮುಖಪುಟ ಬದಲಾಯಿತು, ತೆರೆದಾಗಲೆಲ್ಲ ಲಾಟರಿ ಗೆದ್ದಿದ್ದೀರಿ ಎಂದು ತೋರಿಸತೊಡಗಿತು. ಆ ದಿನ ಸಂಜೆ ಅದನ್ನು ತೆಗೆಯುವುದರಲ್ಲೇ ಕಳೆಯಿತು.

ಮರುದಿನ ಲ್ಯಾಬ್ ಸರ್ ಒಂದೇ ಮಾತು ಹೇಳಿದರು: ‘ನೀವು ನಿಮ್ಮನಿಮ್ಮಲ್ಲೇ ಮಾತಾಡ್ತಿದ್ದೀರಿ. ಆ ಕಂಪ್ಯೂಟರನ್ನ ಕೇಳಿದ್ರಾ?’

ಕೇಳುವುದು ಹೇಗೆ ಎಂದು ಅವರೇ ತೋರಿಸಿದರು. ಡಿವೈಸ್ ಮ್ಯಾನೇಜರ್ ತೆರೆದರೆ ‘ಅದರ್ ಡಿವೈಸಸ್’ ಎಂಬ ಸಾಲಿನ ಕೆಳಗೆ ಹಳದಿ ಗುರುತು ಹೊತ್ತ ‘ಎತರ್ನೆಟ್ ಕಂಟ್ರೋಲರ್’ ಇತ್ತು. ಅದರ ಪ್ರಾಪರ್ಟೀಸ್‌ನಲ್ಲಿ ‘ಕೋಡ್ 28’ ಎಂದಿತ್ತು. ಡ್ರೈವರ್ ಹಾಕಿಲ್ಲ ಎಂದು ಅದರ ಅರ್ಥ. ಪಕ್ಕದ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ಉದ್ದದ ಒಂದು ಸಾಲು ಬಂತು. ಅದರಲ್ಲಿ ಬೇಕಾದದ್ದು ಎರಡೇ. ‘ವೆನ್’ ಎಂಬುದರ ಮುಂದಿನ ನಾಲ್ಕು ಅಕ್ಕಿ ತಯಾರಕರ ಗುರುತು, ‘ಡೆವ್’ ಎಂಬುದರ ಮುಂದಿನ ನಾಲ್ಕು ಆ ಚಿಪ್‌ನ ಗುರುತು. ನಮ್ಮದರಲ್ಲಿ 1969 ಮತ್ತು 1091 ಎಂದಿತ್ತು. 1969 ಎಂದರೆ ಅಥೆರೋಸ್ ಕಂಪನಿ, 1091 ಎಂದರೆ ಅದರ 8161 ಎಂಬ ಚಿಪ್. ನಾವು ಹಿಂದಿನ ದಿನವೆಲ್ಲ ಹಾಕಿದ್ದು ರಿಯಲ್‌ಟೆಕ್ ಡ್ರೈವರ್. ರಿಯಲ್‌ಟೆಕ್‌ನ ಗುರುತು 10ಇಸಿ. ಇಂಟೆಲ್‌ನದು 8086, 1978ರಲ್ಲಿ ಬಂದ ತನ್ನ ಪ್ರಸಿದ್ಧ ಪ್ರೊಸೆಸರ್‌ನ ಹೆಸರನ್ನೇ ಅದು ಗುರುತಾಗಿ ಇಟ್ಟುಕೊಂಡಿದೆ. ನಮ್ಮ ಮೈಕ್ರೊಪ್ರೊಸೆಸರ್ ನೋಟ್ಸ್‌ನ 8086 ಇಲ್ಲಿ ಎದುರಾದಾಗ ಹಳೇ ಪರಿಚಯದವರು ಸಿಕ್ಕಂತಾಯಿತು.

ಇಳಿಸಿದ ಡ್ರೈವರ್‌ನ ಫೋಲ್ಡರ್‌ನಲ್ಲಿ ಐಎನ್‌ಎಫ್ ಎಂಬ ಒಂದು ಫೈಲ್ ಇರುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಈ ಡ್ರೈವರ್ ಯಾವ ಯಾವ ಚಿಪ್‌ಗೆ ಆಗುತ್ತದೆ ಎಂಬ ಪಟ್ಟಿ ಅಲ್ಲೇ ಇರುತ್ತದೆ, ಅದೇ ವೆನ್, ಅದೇ ಡೆವ್. ನಮ್ಮ ಚಿಪ್‌ನ ಗುರುತು ಅಲ್ಲಿದ್ದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಎಷ್ಟು ಸಲ ಹಾಕಿದರೂ ಆಗುವುದಿಲ್ಲ. 32 ಬಿಟ್ ವಿಂಡೋಸ್‌ಗೆ 32 ಬಿಟ್‌ನ ಡ್ರೈವರ್, 64ಕ್ಕೆ 64. ಇಷ್ಟು ಹೊಂದಿದ ಮೇಲೆ ಡ್ರೈವರ್ ಕೂರಲು ಎರಡು ನಿಮಿಷವೂ ಬೇಕಾಗಲಿಲ್ಲ. ವಿಂಡೋಸ್ ಕೂಡ ಮಾಡುವುದು ಇದನ್ನೇ. ಪಟ್ಟಿ ನೋಡಿ ಹೆಸರು ಹೊಂದಿಸುತ್ತದೆ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ ಎಂದು ಗೊತ್ತಾದ ಆ ಗಳಿಗೆ ನನಗೆ ಮೂರು ವರ್ಷದ ಓದಿನಲ್ಲಿ ಸಿಕ್ಕ ದೊಡ್ಡ ಪಾಠ.

ಹತ್ತು ಅಂಕದ ಏಳು ಪದರಗಳು

ಮೊದಲನೆಯದು ಸರಿಯಾದ ಮೇಲೆ ಸರ್ ಉಳಿದವನ್ನೂ ಒಳಗೆ ತರಲು ಬಿಟ್ಟರು. ನಾಲ್ಕು ಶನಿವಾರ ಮಧ್ಯಾಹ್ನ ಕೂತೆವು. 14ರಲ್ಲಿ 8ಕ್ಕೆ ಅದೇ ಡ್ರೈವರ್ ಸಾಕಾಯಿತು. ಉಳಿದ ಆರು ನಮಗೆ ಹೆಚ್ಚು ಕಲಿಸಿದವು.

ಒಂದರಲ್ಲಿ ಡ್ರೈವರ್ ಇತ್ತು, ಯಾರೋ ಅಡಾಪ್ಟರನ್ನು ಡಿಸೇಬಲ್ ಮಾಡಿದ್ದರು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಕೋಡ್ 22’. ಎನೇಬಲ್ ಎಂದು ಒಂದು ಸಲ ಒತ್ತಿದ್ದಷ್ಟೇ ರಿಪೇರಿ.

ಎರಡರಲ್ಲಿ ಡ್ರೈವರ್ ಸರಿಯಿತ್ತು, ಪೋರ್ಟ್‌ನ ದೀಪ ಹತ್ತಿ ಆರಿ ಮಾಡುತ್ತಿತ್ತು. ಐಪಿ ವಿಳಾಸ ನೋಡಿದರೆ 169.254ರಿಂದ ಶುರು. ರೌಟರ್‌ನಿಂದ ವಿಳಾಸ ಸಿಗದಿದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಲ್ಯಾಬ್‌ಗೆ ಹೊಸ ಗಿಗಾಬಿಟ್ ಸ್ವಿಚ್ ಬಂದ ಮೇಲೆ ಹೀಗಾದದ್ದು. ಹಳೆಯ 100 ಎಂಬಿಪಿಎಸ್ ಸಂಪರ್ಕಕ್ಕೆ ಕೇಬಲ್‌ನ ಎಂಟು ತಂತಿಗಳಲ್ಲಿ ನಾಲ್ಕು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ತುದಿಯಲ್ಲಿ ಒಂದು ತಂತಿ ತುಂಡಾಗಿದ್ದು ಅಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಡ್ರೈವರ್‌ನ ಅಡ್ವಾನ್ಸ್ಡ್ ಪುಟದಲ್ಲಿ ವೇಗವನ್ನು 100 ಫುಲ್ ಡ್ಯೂಪ್ಲೆಕ್ಸ್ ಎಂದು ಕಟ್ಟಿಹಾಕಿದೆವು. ನೆಟ್ ಬಂತು, ಆದರೆ ಎಳೆಯುತ್ತಾ ನಿಂತಿತು. ಸ್ವಿಚ್ ಆಟೊದಲ್ಲಿದ್ದು ಕಂಪ್ಯೂಟರ್ ಮಾತ್ರ ಹಟ ಹಿಡಿದರೆ ಸ್ವಿಚ್ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಆಗ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಡೇಟಾ ಕಳೆದುಹೋಗುತ್ತದೆ. ಮತ್ತೆ ಎರಡೂ ಕಡೆ ಆಟೊ ಮಾಡಿ, ಪೇಟೆಯ ಕೇಬಲ್ ಅಣ್ಣನಿಂದ ಕ್ರಿಂಪಿಂಗ್ ಟೂಲ್ ಇಸಿದುಕೊಂಡು ಬಂದು ಹೊಸ ಕನೆಕ್ಟರ್ ಹಾಕಿದೆವು. ಸರಿಹೋಯಿತು.

ಇನ್ನೊಂದರಲ್ಲಿ ಡ್ರೈವರ್ ಸರಿ, ಕೇಬಲ್ ಸರಿ, ಐಪಿ ಸರಿ. ಆದರೂ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಬಹಳ ಹೊತ್ತಿನ ಮೇಲೆ ಜೂನಿಯರ್ ಹುಡುಗಿಯೊಬ್ಬಳು, ‘ಅಣ್ಣಾ, ಇದರಲ್ಲಿ ತಾರೀಖು ಯಾಕೆ ಇಷ್ಟು ಹಿಂದಿದೆ?’ ಎಂದಳು. ಮದರ್‌ಬೋರ್ಡ್ ಮೇಲಿನ ಸಿಆರ್ 2032 ಬ್ಯಾಟರಿ ಸತ್ತು ಕಂಪ್ಯೂಟರ್‌ನ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಸೈಟ್‌ಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಆ ಕಂಪ್ಯೂಟರ್‌ನ ಲೆಕ್ಕದಲ್ಲಿ ಅವೆಲ್ಲ ಇನ್ನೂ ಜಾರಿಗೇ ಬಾರದ ಪತ್ರಗಳು. ವಾಚ್ ಅಂಗಡಿಯಿಂದ ನಾಣ್ಯದ ಗಾತ್ರದ ಒಂದು ಬ್ಯಾಟರಿ ತಂದು ಹಾಕಿ ತಾರೀಖು ಸರಿ ಮಾಡಿದೆವು, ಮುಗಿಯಿತು.

ಉಳಿದ ಎರಡು ಸಿಡಿಲಿಗೆ ಸಿಕ್ಕಿದ್ದವು. ಮಲೆನಾಡಿನ ನಮಗೆ ಇದು ಹೊಸದಲ್ಲ. ಮಳೆಗಾಲ ಶುರುವಾಗುವ ಮುಂಚಿನ ಗುಡುಗಿಗೆ ಮೋಡೆಮ್ಮು, ಲ್ಯಾನ್ ಪೋರ್ಟು ಸುಡುತ್ತಲೇ ಇರುತ್ತವೆ. ಒಂದಕ್ಕೆ, ಅದಕ್ಕಿಂತ ಹಳೆಯ ಪೆಂಟಿಯಂ ಯಂತ್ರದಿಂದ ಬಿಚ್ಚಿದ ರಿಯಲ್‌ಟೆಕ್ 8139 ಕಾರ್ಡ್ ಹಾಕಿದೆವು, ನಡೆಯಿತು. ಇನ್ನೊಂದರ ಬೋರ್ಡೇ ಹೋಗಿತ್ತು. ಅದರ ರ‍್ಯಾಮ್ ಬಿಚ್ಚಿ ಮತ್ತೊಂದಕ್ಕೆ ಕೊಟ್ಟೆವು. ಕೊನೆಗೆ ನಿಜವಾಗಿಯೂ ಸತ್ತದ್ದು ಅದೊಂದೇ.

ಈಗ ಹಿಂದೆ ತಿರುಗಿ ನೋಡಿ. ಕೇಬಲ್ ತುಂಡಾಗಿದ್ದು ಒಎಸ್‌ಐ ಮಾದರಿಯ ಮೊದಲ ಪದರ. ಕಾರ್ಡ್ ಮತ್ತು ಡ್ರೈವರ್ ಮೊದಲ ಎರಡು ಪದರ ಸೇರುವ ಜಾಗ. 169.254 ಎಂಬ ವಿಳಾಸ ಕಾಣಿಸಿದ್ದು ಮೂರನೆಯದರಲ್ಲಿ. ತಾರೀಖಿನ ಗೊಂದಲ ಮೇಲಿನ ಪದರಗಳಲ್ಲಿ. ಈ ಏಳು ಪದರಗಳ ಚಿತ್ರವನ್ನು ನಾನು ಸ್ಕೇಲ್ ಇಟ್ಟು ಚೌಕ ಹಾಕಿ ಬರೆದಿದ್ದೇನೆ, ಹತ್ತಕ್ಕೆ ಒಂಬತ್ತು ಅಂಕ ತೆಗೆದಿದ್ದೇನೆ. ಅದನ್ನು ಬರೆದ ಪರೀಕ್ಷಾ ಕೊಠಡಿಗೆ ಹೋಗುವಾಗ ಆ 14 ಕಂಪ್ಯೂಟರ್‌ಗಳನ್ನು ದಾಟಿಕೊಂಡೇ ಹೋಗಿದ್ದೆ. ಪುಸ್ತಕದಲ್ಲಿದ್ದದ್ದು ಮತ್ತು ವರಾಂಡದಲ್ಲಿದ್ದದ್ದು ಒಂದೇ ವಿಷಯ ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಕಲಿಸಿರಲೂ ಇಲ್ಲ.

ಫಾರ್ಮ್ಯಾಟ್ ಎಂಬ ಸರ್ವರೋಗದ ಮದ್ದು

ನಮ್ಮ ಊರುಗಳಲ್ಲಿ ಕಂಪ್ಯೂಟರ್‌ಗೆ ಏನೇ ಆದರೂ ಒಂದೇ ಮದ್ದು, ಫಾರ್ಮ್ಯಾಟ್. ನೆಟ್ ಬರದಿದ್ದರೂ ಅದೇ, ಪ್ರಿಂಟ್ ಬರದಿದ್ದರೂ ಅದೇ. ಅಂಗಡಿಯವರನ್ನೇ ದೂರುವುದು ನ್ಯಾಯವಲ್ಲ. ಅವರಿಗೆ ಒಂದೊಂದನ್ನೂ ಕೂತು ಪರೀಕ್ಷಿಸುವ ಪುರುಸೊತ್ತಿಲ್ಲ, ಗಿರಾಕಿಗೂ ಸಂಜೆಯೊಳಗೆ ಬೇಕು. ಆದರೆ ನೆಟ್‌ವರ್ಕ್ ಡ್ರೈವರ್ ಇಲ್ಲದ ಕಂಪ್ಯೂಟರ್ ಅನ್ನು ಅದೇ ಹಳೇ ಪೆನ್‌ಡ್ರೈವ್‌ನಿಂದ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಡ್ರೈವರ್ ಬರುವುದಿಲ್ಲ. ಹೋಗುವುದು ಮಾತ್ರ ನಿಮ್ಮ ಫೋಟೊಗಳು, ಪ್ರಾಜೆಕ್ಟ್ ರಿಪೋರ್ಟ್‌ಗಳು.

ಫಾರ್ಮ್ಯಾಟ್ ಮಾಡುವ ಮುನ್ನ ಮಾಡಬಹುದಾದ ಸುಲಭ ಪರೀಕ್ಷೆ ಒಂದಿದೆ. ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಹಾರ್ಡ್‌ಡಿಸ್ಕ್ ಮುಟ್ಟದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಅದರಲ್ಲಿ ನೆಟ್ ಬಂದರೆ ಕಾರ್ಡು, ಕೇಬಲ್ಲು ಎರಡೂ ಸರಿ ಇವೆ. ದೋಷ ವಿಂಡೋಸ್‌ನ ಡ್ರೈವರ್ ಅಥವಾ ಸೆಟ್ಟಿಂಗ್‌ನಲ್ಲಿದೆ ಎಂದರ್ಥ. ನಮ್ಮ ಅಥೆರೋಸ್ ಚಿಪ್‌ನ ಡ್ರೈವರ್ 2013ರಿಂದಲೇ ಲಿನಕ್ಸ್ ಕರ್ನಲ್‌ನೊಳಗೆ ಸೇರಿದೆ, ಹುಡುಕುವ ಕೆಲಸವೇ ಇಲ್ಲ.

ಇನ್ನೊಂದು ವಿಷಯಕ್ಕೆ ತಡಮಾಡಬಾರದು. ಹಳೆಯ ಡ್ರೈವರ್‌ಗಳು ಯಾವಾಗಲೂ ಸಿಗುತ್ತಲೇ ಇರುವುದಿಲ್ಲ. ಅಥೆರೋಸ್ ಕಂಪನಿಯನ್ನು 2011ರಲ್ಲಿ ಕ್ವಾಲ್‌ಕಾಮ್ ಕೊಂಡಿತು. ಇಂಟೆಲ್ ತನ್ನ ಹಳೆಯ ಡೆಸ್ಕ್‌ಟಾಪ್ ಬೋರ್ಡ್‌ಗಳ ಎಷ್ಟೋ ಡ್ರೈವರ್ ಮತ್ತು ಬಯೋಸ್ ಫೈಲ್‌ಗಳನ್ನು 2019ರಲ್ಲಿ ತನ್ನ ತಾಣದಿಂದ ತೆಗೆಯಿತು. ಇವತ್ತು ಕೆಲಸ ಮಾಡುತ್ತಿರುವ ಕಂಪ್ಯೂಟರ್‌ನ ನೆಟ್‌ವರ್ಕ್ ಡ್ರೈವರನ್ನು ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ವಿಂಡೋಸ್ 10ರಲ್ಲಾದರೆ ಇರುವ ಡ್ರೈವರ್‌ಗಳನ್ನು ಒಂದು ಫೋಲ್ಡರ್‌ಗೆ ರಫ್ತು ಮಾಡುವ ಕಮಾಂಡ್ ಅದರಲ್ಲೇ ಇದೆ.

‘ಹಳೇದಕ್ಕೆ ಯಾಕೆ ಇಷ್ಟು ಹೆಣಗಾಟ?’

ಇದನ್ನು ಕೇಳಿದವರು ಬಹಳ ಮಂದಿ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ.

ಮೊದಲನೆಯದು ಸುರಕ್ಷತೆ. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಅಂಥ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕುವುದು ತಪ್ಪು, ನಮ್ಮ ಮೇಡಂ ಒಬ್ಬರು ಇದನ್ನು ಹೇಳಿಯೇ ನಮ್ಮ ಉತ್ಸಾಹಕ್ಕೆ ಕಡಿವಾಣ ಹಾಕಿದರು. ಅವರ ಮಾತು ಸರಿ. ಹಾಗಾಗಿ ಅವುಗಳಲ್ಲಿ ಹಗುರವಾದ ಒಂದು ಲಿನಕ್ಸ್ ಕೂಡ ಹಾಕಿದೆವು. ವಿಂಡೋಸ್ ಬೇಕೇ ಬೇಕಾದ ಪ್ರಾಕ್ಟಿಕಲ್‌ಗಳನ್ನು ಕೇಬಲ್ ತೆಗೆದಿಟ್ಟು ಅದರಲ್ಲಿ ಮಾಡುತ್ತೇವೆ, ನೆಟ್ ಕೆಲಸ ಲಿನಕ್ಸ್‌ನಲ್ಲಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸುತ್ತಿವೆ, ಆಕಾಶವೇನೂ ಬಿದ್ದಿಲ್ಲ.

ಎರಡನೆಯದು ವೇಗ. ನಿಜ, 2 ಜಿಬಿ ರ‍್ಯಾಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರುಗಟ್ಟುತ್ತದೆ. ಅದರಲ್ಲಿ ವಿಡಿಯೊ ಎಡಿಟ್ ಮಾಡಲಾಗದು. ಆದರೆ ಒಂದು ಅರ್ಜಿ ತುಂಬಬಹುದು, ಪಿಡಿಎಫ್ ಗಾತ್ರ ಇಳಿಸಬಹುದು, ರೆಸ್ಯೂಮೆ ಟೈಪ್ ಮಾಡಬಹುದು, ಪೈಥಾನ್ ಕಲಿಯಬಹುದು. ಕೈಯಲ್ಲಿ ಮೊಬೈಲ್ ಮಾತ್ರ ಇರುವ ಹಳ್ಳಿಯ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ಹೊಣೆ. ಲ್ಯಾಬ್ ಸಿಬ್ಬಂದಿಗೆ ಆಡಿಟ್ ಭಯ ಇರುತ್ತದೆ. ಹುಡುಗರು ಬಿಚ್ಚಿ ಏನಾದರೂ ಮುರಿದರೆ ರಿಜಿಸ್ಟರ್‌ನಲ್ಲಿ ಉತ್ತರ ಬರೆಯಬೇಕಾದವರು ಅವರು. ಈ ಭಯ ಸುಳ್ಳಲ್ಲ. ಆದರೆ ಹೇಗಿದ್ದರೂ ಗುಜರಿಗೆ ಹೋಗಲಿರುವುದನ್ನು ಹುಡುಗರು ಮುಟ್ಟಿದರೆ ಆಗುವ ನಷ್ಟ ಏನು?

ಈ ಪ್ರಶ್ನೆ ಈಗ ಇನ್ನಷ್ಟು ದೊಡ್ಡದಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನದಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸತು ಬೇಕು. ಅಂದರೆ ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಇನ್ನು ಮುಂದೆ ವರಾಂಡಕ್ಕೆ ಬರಲಿವೆ. ಸರ್ಕಾರದ ಇ–ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಯಲ್ಲಿವೆ. ಕಂಡಕಂಡ ಗುಜರಿಗೆ ಕೊಡದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು ಎನ್ನುತ್ತವೆ. ಒಳ್ಳೆಯದು. ಆದರೆ ತ್ಯಾಜ್ಯ ಎಂದು ಕರೆಯುವ ಮೊದಲು ಅದು ತ್ಯಾಜ್ಯ ಹೌದೋ ಅಲ್ಲವೋ ನೋಡಬೇಡವೇ?

ಕೆಲಸ ಹುಡುಕುವವರಿಗೂ ಒಂದು ಮಾತು

ಬೆಂಗಳೂರಿನಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿದ ನಮ್ಮೂರಿನ ಅಣ್ಣನೊಬ್ಬನಿಗೆ ಸಂದರ್ಶನದಲ್ಲಿ ಕೇಳಿದ್ದು ಇದನ್ನೇ: ‘ಒಬ್ಬರು ಫೋನ್ ಮಾಡಿ ನೆಟ್ ಬರ್ತಿಲ್ಲ ಅಂತಾರೆ. ನೀವು ಮೊದಲು ಏನು ಕೇಳ್ತೀರಿ?’ ‘ರೀಸ್ಟಾರ್ಟ್ ಮಾಡಿ ಅಂತೀನಿ’ ಎಂದವರನ್ನು ಕಳಿಸಿದರಂತೆ. ಪೋರ್ಟ್‌ನಲ್ಲಿ ದೀಪ ಹತ್ತಿದೆಯೇ, ಅಡಾಪ್ಟರ್ ಕಾಣಿಸುತ್ತಿದೆಯೇ, ಐಪಿ ಏನಿದೆ, ಗೇಟ್‌ವೇ ಪಿಂಗ್ ಆಗುತ್ತಿದೆಯೇ, ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೇಳಿದ ಇವನನ್ನು ತೆಗೆದುಕೊಂಡರು. ಇವನು ಅದನ್ನು ಕಲಿತದ್ದು ಎಸ್.ಪಿ. ರೋಡ್‌ನ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ, ಆರು ತಿಂಗಳು ಹಳೇ ಕಂಪ್ಯೂಟರ್‌ಗಳ ಜತೆ ಕೂತು.

ಡ್ರೈವರ್ ಹಾಕಲು ಬಂದ ಮಾತ್ರಕ್ಕೆ ದೊಡ್ಡ ಸಂಬಳ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಡಿಪ್ಲೊಮಾ, ಐಟಿಐನ ಕೋಪಾ, ಬಿಸಿಎ ಮುಗಿಸಿದ ನಮ್ಮಂಥವರಿಗೆ ಒಳಗೆ ಕಾಲಿಡುವ ಮೊದಲ ಮೆಟ್ಟಿಲು ಇಂಥದ್ದೇ ಕೆಲಸ. ತೂಕದ ಸೇತುವೆ, ಪ್ರಿಂಟಿಂಗ್ ಪ್ರೆಸ್, ರಕ್ತಪರೀಕ್ಷೆಯ ಲ್ಯಾಬ್, ಹೀಗೆ ಎಷ್ಟೋ ಕಡೆ ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಜೋಡಿಸಿರುವುದು ಇವತ್ತಿಗೂ ಹಳೆಯ ಕಂಪ್ಯೂಟರ್. ಯಂತ್ರದ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ ಎಂದು ಅದನ್ನೇ ಉಳಿಸಿಕೊಂಡಿರುತ್ತಾರೆ. ಅಲ್ಲಿ ಫಾರ್ಮ್ಯಾಟ್ ಮಾಡುವವರು ಬೇಡ, ತಾಳ್ಮೆಯಿಂದ ನೋಡುವವರು ಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಮೂರೇ. ಯಾವ ಕಾಲೇಜಿನಲ್ಲೇ ಆಗಲಿ, ಕಂಪ್ಯೂಟರ್‌ಗಳನ್ನು ವಿಲೇವಾರಿ ಮಾಡುವ ಮುನ್ನ ಒಂದು ದಿನ ವಿದ್ಯಾರ್ಥಿಗಳ ಕೈಗೆ ಕೊಡಿ, ಏನಾಗಿದೆ ಎಂದು ಬರೆದುಕೊಡಲು ಹೇಳಿ. ‘ನೆಟ್ ಬರುತ್ತಿಲ್ಲ’ ಎಂಬುದನ್ನು ಕಾರಣ ಎಂದು ಒಪ್ಪಬೇಡಿ, ಅದು ಲಕ್ಷಣ ಮಾತ್ರ. ಎರಡು, ಪ್ರತಿ ಕಂಪ್ಯೂಟರ್ ಮೇಲೆ ಅದರ ನೆಟ್‌ವರ್ಕ್ ಚಿಪ್‌ನ ವೆನ್, ಡೆವ್ ಸಂಖ್ಯೆ ಬರೆದ ಚೀಟಿ ಅಂಟಿಸಿ, ಡ್ರೈವರ್‌ಗಳ ಒಂದು ಪೆನ್‌ಡ್ರೈವ್ ಲ್ಯಾಬ್‌ನಲ್ಲಿರಲಿ. ಖರ್ಚು ಐನೂರು ರೂಪಾಯಿಯನ್ನೂ ದಾಟುವುದಿಲ್ಲ. ಮೂರು, ನೆಟ್‌ವರ್ಕ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿರಲಿ: ‘ನಿಮ್ಮ ಮುಂದಿರುವ ಕಂಪ್ಯೂಟರ್‌ಗೆ ನೆಟ್ ಬರುತ್ತಿಲ್ಲ. ಕಾರಣ ಕಂಡುಹಿಡಿಯಿರಿ.’ ಬಾಯಿಪಾಠಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಕಾಲೇಜು ಮಾಡುವವರೆಗೆ ಕಾಯಬೇಕಿಲ್ಲ ಗೆಳೆಯರೇ. ನಿಮ್ಮ ಮನೆಯ ಅಟ್ಟದ ಮೇಲೋ, ಚಿಕ್ಕಪ್ಪನ ಅಂಗಡಿಯ ಮೂಲೆಯಲ್ಲೋ ಒಂದು ಹಳೆಯ ಕಂಪ್ಯೂಟರ್ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಒರೆಸಿ, ಶುರು ಮಾಡಿ, ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಆಗದಿದ್ದರೂ ಕಳೆದುಕೊಳ್ಳುವುದು ಒಂದು ಮಧ್ಯಾಹ್ನ ಮಾತ್ರ.

ಈಗ ನಮ್ಮ ಲ್ಯಾಬ್‌ನಲ್ಲಿ ನೆಟ್ ಇರುವ ಕಂಪ್ಯೂಟರ್‌ಗಳು 24. ಸೀಮೆಸುಣ್ಣದ ನಂಬರ್‌ಗಳನ್ನು ನಾವು ಅಳಿಸಲಿಲ್ಲ. ಈ ವರ್ಷ ವಿದ್ಯಾರ್ಥಿವೇತನದ ಅರ್ಜಿ ಶುರುವಾದ ಮೊದಲ ವಾರವೇ ಆ ಹುಡುಗಿ ಬಂದು 7ನೇ ನಂಬರ್‌ನ ಮುಂದೆ ಕೂತಳು. ಪಿಡಿಎಫ್ ಗಾತ್ರ ಇಳಿಸಿ, ಅಪ್‌ಲೋಡ್ ಮಾಡಿ, ಸ್ವೀಕೃತಿಯ ಪ್ರಿಂಟ್ ತೆಗೆದುಕೊಂಡಳು. ಐದೂವರೆ ಬಸ್‌ಗೆ ಇನ್ನೂ ಒಂದು ಗಂಟೆ ಇತ್ತು.